ಒಂದು ಹಸು, ಮೂವತ್ತು ಎಕರೆ, ಕೂಡಿಬಾರದ ಲೆಕ್ಕ

ಒಂದು ನಾಟಿ ಹಸು ಇದ್ದರೆ ಮೂವತ್ತು ಎಕರೆ ಬೇಸಾಯ ಮಾಡಬಹುದು, ಹೊರಗಿನಿಂದ ಒಂದು ಹಿಡಿ ಗೊಬ್ಬರವೂ ಬೇಡ: ಈ ಮಾತನ್ನು ಕೇಳದ ರೈತ ಕರ್ನಾಟಕದಲ್ಲಿ ಈಗ ಸಿಗಲಾರ. ಶೂನ್ಯ ಬಂಡವಾಳದ ಕೃಷಿಯ ಶಿಬಿರಗಳಲ್ಲಿ ಹುಟ್ಟಿ, ರೈತ ಚಳವಳಿಯ ಬೆಂಬಲ ಪಡೆದು, 2019ರ ಜುಲೈನಲ್ಲಿ ಕೇಂದ್ರ ಬಜೆಟ್ ಭಾಷಣದಲ್ಲೂ ಜಾಗ ಗಿಟ್ಟಿಸಿದ ನಂಬಿಕೆಯಿದು. ಅದೇ ವರ್ಷ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಈ ಪದ್ಧತಿಯ ಹೇಳಿಕೆಗಳಿಗೆ ದೃಢಪಟ್ಟ ಆಧಾರವಿಲ್ಲ ಎಂದು ಸರ್ಕಾರಕ್ಕೆ ತಿಳಿಸಿತು. ಆದರೆ ಅಕಾಡೆಮಿಗಳ ಮಾತು ಎಷ್ಟು ಜನರ ಕಿವಿಗೆ ಬೀಳುತ್ತದೆ? ಹಾಗಾಗಿ ಅಕಾಡೆಮಿಯನ್ನು ಪಕ್ಕಕ್ಕಿಟ್ಟು, ಏಳನೇ ತರಗತಿಯ ಗುಣಾಕಾರದಿಂದಲೇ ಈ ಹಸುವನ್ನು ವಿಚಾರಿಸಿಕೊಳ್ಳೋಣ.

ಮೂವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದರಲ್ಲಿ ಗುಟ್ಟೇನಿಲ್ಲ. ಎಕರೆಗೆ ತಿಂಗಳಿಗೊಮ್ಮೆ ಕೊಡುವ ಜೀವಾಮೃತಕ್ಕೆ ಹತ್ತು ಕಿಲೋ ಸಗಣಿ ಬೇಕು; ಹಸು ದಿನಕ್ಕೆ ಸುಮಾರು ಹತ್ತು ಕಿಲೋ ಸಗಣಿ ಹಾಕುತ್ತದೆ; ತಿಂಗಳಿಗೆ ಮೂವತ್ತು ದಿನ. ಅಂದರೆ ಇದು ಬೆಳೆಗೆ ಎಷ್ಟು ಬೇಕೆಂದು ಅಳೆದು ಬಂದ ಸಂಖ್ಯೆಯಲ್ಲ, ಸಗಣಿಯನ್ನು ಎಷ್ಟು ಕಡೆ ಹಂಚಬಹುದೆಂದು ಭಾಗಿಸಿ ಬಂದದ್ದು. ಈಗ ಜೀವಾಮೃತ ಕಲೆಸುವ ಇನ್ನೂರು ಲೀಟರಿನ ಡ್ರಮ್ಮಿನೊಳಗೆ ಇಣುಕೋಣ. ಹಸಿ ಸಗಣಿಯಲ್ಲಿ ಸಾರಜನಕ ಶೇ. 0.3ರಿಂದ 0.5, ಹತ್ತು ಕಿಲೋದಲ್ಲಿ ಹೆಚ್ಚೆಂದರೆ ಐವತ್ತು ಗ್ರಾಂ. ಐದರಿಂದ ಹತ್ತು ಲೀಟರ್ ಗಂಜಲದಲ್ಲಿ ಇನ್ನೊಂದು ಐವತ್ತರಿಂದ ನೂರು ಗ್ರಾಂ. ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟಿನಲ್ಲಿ ಎಪ್ಪತ್ತು ಗ್ರಾಂ. ಬೆಲ್ಲದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಬದುವಿನ ಒಂದು ಹಿಡಿ ಮಣ್ಣಿನದ್ದು ಲೆಕ್ಕಕ್ಕಿಲ್ಲ. ಧಾರಾಳವಾಗಿ ಕೂಡಿದರೂ ಇನ್ನೂರು ಲೀಟರಿಗೆ ಕಾಲು ಕಿಲೋ ಸಾರಜನಕ ದಾಟುವುದಿಲ್ಲ. ನಾಲ್ಕು ತಿಂಗಳ ಬೆಳೆಗೆ ತಿಂಗಳಿಗೆ ಎರಡು ಸಲದಂತೆ ಸುರಿದರೂ ಎರಡು ಕಿಲೋ. ಎಕರೆಗೆ ಇಪ್ಪತ್ತು ಕ್ವಿಂಟಲ್ ಭತ್ತ ಬೆಳೆಯುವ ಪೈರು ಮೂವತ್ತರಿಂದ ನಲವತ್ತು ಕಿಲೋ ಸಾರಜನಕವನ್ನು ಹೀರಿಕೊಳ್ಳುತ್ತದೆ. ಉಳಿದ ಕನಿಷ್ಠ ಇಪ್ಪತ್ತೆಂಟು ಕಿಲೋ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು: ಗಿಡದ ತೂಕದಲ್ಲಿ ಶೇ. 98 ಭಾಗ ಗಾಳಿ, ನೀರು, ಬಿಸಿಲಿನಿಂದ ಬರುವುದು. ಮಣ್ಣಿನಿಂದ ಬರುವುದು ಬರೇ ಎರಡು. ಆ ಎರಡಕ್ಕೆ ಇಷ್ಟು ಗಲಾಟೆಯೇಕೆ? ಇದು ಹೊಸ ವಾದವಲ್ಲ. ಹದಿನೇಳನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬಾತ ಇನ್ನೂರು ಪೌಂಡ್ ಒಣಮಣ್ಣಿನ ಕುಂಡದಲ್ಲಿ ಐದು ಪೌಂಡಿನ ವಿಲೋ ಸಸಿ ನೆಟ್ಟು ಐದು ವರ್ಷ ನೀರು ಹಾಕಿದ. ಮರ 169 ಪೌಂಡ್ ತೂಗಿತು, ಮಣ್ಣು ಕಳೆದುಕೊಂಡದ್ದು ಎರಡು ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಆತ ತೀರ್ಮಾನಿಸಿದ. ಅವನ ಬರಹ 1648ರಲ್ಲಿ ಅಚ್ಚಾಯಿತು. ದ್ಯುತಿಸಂಶ್ಲೇಷಣೆ ಗೊತ್ತಿಲ್ಲದ ಕಾಲದವನು, ಕ್ಷಮಿಸೋಣ. ನಿರ್ಲಕ್ಷಿಸಿದ ಆ ಎರಡು ಔನ್ಸೇ ಕೃಷಿ ರಸಾಯನಶಾಸ್ತ್ರದ ಮುಖ್ಯ ವಿಷಯವೆಂದು ಆಮೇಲೆ ತಿಳಿಯಿತು: ಬೆಳೆಯ ಮಿತಿಯನ್ನು ನಿರ್ಧರಿಸುವುದು ಧಾರಾಳವಾಗಿ ಸಿಗುವ ವಸ್ತುವಲ್ಲ, ಎಲ್ಲಕ್ಕಿಂತ ಕೊರತೆಯಿರುವ ವಸ್ತು. ಪ್ರಚಾರಕರ ಲೆಕ್ಕವನ್ನೇ ಒಪ್ಪಿದರೂ ಪಾರಾಗಲು ದಾರಿಯಿಲ್ಲ. ಇಪ್ಪತ್ತು ಕ್ವಿಂಟಲ್ ಭತ್ತ, ಅಷ್ಟೇ ಹುಲ್ಲು ಸೇರಿ ನಾಲ್ಕು ಸಾವಿರ ಕಿಲೋ; ಅದರಲ್ಲಿ ಶೇ. 2 ಎಂದರೆ ಎಂಬತ್ತು ಕಿಲೋ. ಪ್ರತಿ ಬೆಳೆಗೂ ಎಕರೆಯಿಂದ ಎಂಬತ್ತು ಕಿಲೋ ಸರಕು ಗಾಡಿ ಹತ್ತಿ ಹೋಗುತ್ತಿದ್ದರೆ ಅದನ್ನು ಬರೇ ಎರಡು ಎನ್ನುವ ಧೈರ್ಯ ದೊಡ್ಡದೇ.

ಎರಡನೆಯ ಉತ್ತರ ಗಾಳಿಯದು. ಗಾಳಿಯಲ್ಲಿ ಶೇ. 78 ಸಾರಜನಕವಿದೆ, ಸೂಕ್ಷ್ಮಜೀವಿಗಳು ಅದನ್ನು ಬೇರಿಗೆ ತಲುಪಿಸುತ್ತವೆ ಎನ್ನುತ್ತಾರೆ. ಇದು ಅರ್ಧ ಸತ್ಯವಾದ್ದರಿಂದಲೇ ಪೂರ್ತಿ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಗಾಳಿಯ ಸಾರಜನಕದ ಎರಡು ಪರಮಾಣುಗಳು ಎಷ್ಟು ಬಿಗಿಯಾಗಿ ಅಂಟಿಕೊಂಡಿವೆಯೆಂದರೆ, ಬಿಡಿಸಲು ಕಾರ್ಖಾನೆಗೆ ನಾನ್ನೂರು ಡಿಗ್ರಿಗೂ ಮೀರಿದ ಶಾಖ ಮತ್ತು ಭಾರಿ ಒತ್ತಡ ಬೇಕು. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಣ್ಣಗೆ ಮಾಡುತ್ತವೆ ನಿಜ, ಆದರೆ ಬಿಟ್ಟಿಗಲ್ಲ. ಅವಕ್ಕೆ ಅಪಾರ ಶಕ್ತಿ ಬೇಕು. ತೊಗರಿ, ಅವರೆ, ಅಲಸಂದೆಯ ಬೇರುಗಂಟಿನಲ್ಲಿ ಕೂತ ರೈಜೋಬಿಯಂಗೆ ಗಿಡವೇ ಸಕ್ಕರೆ ಊಡಿಸುತ್ತದೆ, ಹಾಗಾಗಿ ಅಲ್ಲಿ ದೊಡ್ಡ ಪ್ರಮಾಣದ ಸ್ಥಿರೀಕರಣ ಸಾಧ್ಯ. ನಿಂತ ನೀರಿನ ಗದ್ದೆಯಲ್ಲಿ ನೀಲಿ-ಹಸಿರು ಪಾಚಿ ಮತ್ತು ಅಜೋಲಾ ಬಿಸಿಲಿನ ಬಲದಿಂದ ಒಂದಿಷ್ಟು ಮಾಡುತ್ತವೆ. ಗೊಬ್ಬರ ಕಾಣದ ಹಳೆಯ ಗದ್ದೆಗಳೂ ಶತಮಾನಗಟ್ಟಲೆ ಅಷ್ಟಿಷ್ಟು ಭತ್ತ ಕೊಡುತ್ತ ಬಂದದ್ದಕ್ಕೆ ಇದೂ ಒಂದು ಕಾರಣ. ಆದರೆ ಒಣ ಹೊಲದ ಮಣ್ಣಿನಲ್ಲಿ ತಾವೇ ಹೊಟ್ಟೆ ಹೊರೆಯಬೇಕಾದ ಸೂಕ್ಷ್ಮಜೀವಿಗಳಿಂದ ರಾಗಿಗೋ ಮುಸುಕಿನ ಜೋಳಕ್ಕೋ ಸಿಗುವುದು ಅಲ್ಪ. ಡ್ರಮ್ಮಿಗೆ ಹಾಕುವ ಎರಡು ಕಿಲೋ ಬೆಲ್ಲ ಅವುಗಳಿಗೆ ಎಷ್ಟು ದಿನದ ಊಟ? ರಾಗಿಯ ನಡುವೆ ದ್ವಿದಳದ ಅಕ್ಕಡಿ ಸಾಲು ಹಾಕುತ್ತಿದ್ದ ಹಿಂದಿನವರಿಗೆ ಈ ವ್ಯತ್ಯಾಸ ರಸಾಯನಶಾಸ್ತ್ರ ಓದದೆಯೇ ಗೊತ್ತಿತ್ತು.

ಜೀವಾಮೃತ ಗೊಬ್ಬರವೇ ಅಲ್ಲ, ಹೆಪ್ಪು. ಮಣ್ಣಿನಲ್ಲಿ ಬೀಗ ಹಾಕಿ ಕೂತ ಪೋಷಕಾಂಶಗಳನ್ನು ಬಿಡಿಸುತ್ತದೆ ಎಂಬುದು ಮೂರನೆಯ ಉತ್ತರ. ಮೂರರಲ್ಲಿ ಇದೇ ಗಟ್ಟಿ, ಇದಕ್ಕೆ ಮರ್ಯಾದೆಯಿಂದ ಉತ್ತರಿಸಬೇಕು. ಹೆಪ್ಪು ಎಷ್ಟೇ ಒಳ್ಳೆಯದಿದ್ದರೂ ಪಾತ್ರೆಯಲ್ಲಿ ಹಾಲಿರಬೇಕಲ್ಲ? ನಮ್ಮ ಮಣ್ಣಿನಲ್ಲಿ ಹಾಲು ಎಷ್ಟಿದೆಯೆಂದು ಅಳೆದದ್ದೂ ಆಗಿದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಗಾಗಿ ಇಕ್ರಿಸಾಟ್ ಕೃಷಿ ಸಂಶೋಧನಾ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ಜಿಲ್ಲೆ ಜಿಲ್ಲೆಯ ಮಣ್ಣು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಬೆಳೆಗೆ ಸಿಗುವ ಗಂಧಕ, ಸತು, ಬೋರಾನ್ ಸಾಲದಷ್ಟಿತ್ತು. ಸಾವಯವ ಇಂಗಾಲದ್ದೂ ಅದೇ ಕಥೆ. ಕೊರತೆಯಿದ್ದ ವಸ್ತುವನ್ನು ಸ್ವಲ್ಪ ಕೊಟ್ಟ ಹೊಲಗಳಲ್ಲಿ ಇಳುವರಿ ಏರಿತು. ಕೆಲವು ಸೂಕ್ಷ್ಮಜೀವಿಗಳು ಗಟ್ಟಿಯಾಗಿ ಕೂತ ರಂಜಕವನ್ನು ಕರಗಿಸುತ್ತವೆ, ಒಪ್ಪೋಣ. ಆದರೆ ಯಾವ ಸೂಕ್ಷ್ಮಜೀವಿಯೂ ಇಲ್ಲದ ಸತುವನ್ನು ಹುಟ್ಟಿಸುವುದಿಲ್ಲ. ಇನ್ನು ಮಣ್ಣಿನ ಸಾರಜನಕ ಬಹುಪಾಲು ಇರುವುದು ಸಾವಯವ ಅಂಶದಲ್ಲೇ. ಅದನ್ನು ಬಿಡಿಸುವುದೆಂದರೆ ಆ ಸಾವಯವ ಅಂಶವನ್ನೇ ಕರಗಿಸುವುದು. ಹಳೆಯ ಗೊಬ್ಬರದ ಋಣ ಉಳಿದ ಹೊಲದಲ್ಲಿ ಮೊದಲ ಎರಡು ಮೂರು ವರ್ಷ ಬೆಳೆ ಚೆನ್ನಾಗಿಯೇ ಬರಬಹುದು. ವಿಡಿಯೋ ತೆಗೆಯುವವರು ಬರುವುದೂ ಆಗಲೇ.

ಹಾಗಾದರೆ ಕಾಡಿಗೆ ಯಾರು ಗೊಬ್ಬರ ಹಾಕುತ್ತಾರೆ? ಈ ಪ್ರಶ್ನೆ ಕೇಳಿದೊಡನೆ ಚಪ್ಪಾಳೆ ಬೀಳುತ್ತದೆ, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಕಾಡಿನಿಂದ ಯಾರೂ ವರ್ಷಕ್ಕೆರಡು ಸಲ ನಾಲ್ಕು ಟನ್ ಕೊಯ್ದು ಲಾರಿಗೆ ತುಂಬುವುದಿಲ್ಲ. ಬಿದ್ದ ಎಲೆ ಬಿದ್ದಲ್ಲೇ ಕೊಳೆಯುತ್ತದೆ. ಹಾಗೆ ಕೊಯ್ದು ತುಂಬುವ ಕಡೆ ಏನಾಗುತ್ತದೆಂದು ನೋಡಲು ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಹೋದರೆ ಸಾಕು. ಅಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಕೊಟ್ಟಿದ್ದರು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ: ಒಂಬತ್ತು ಎಕರೆಯ ಸಾರ ಒಂದೆಕರೆಗೆ. ಬಯಲುಸೀಮೆಯಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳಲು ರೈತರು ಕುರಿಗಾಹಿಗಳಿಗೆ ಕಾಳೋ ಹಣವೋ ಕೊಡುತ್ತ ಬಂದಿದ್ದಾರೆ. ಎಕರೆಗೆ ಹತ್ತು ಕಿಲೋ ಸಗಣಿ ಸಾಕಾಗಿದ್ದರೆ ಇಷ್ಟೆಲ್ಲ ಖರ್ಚು ಮಾಡಲು ಅವರಿಗೇನು ತಲೆ ಕೆಟ್ಟಿತ್ತೇ? ಹಸು ಸಾರಜನಕ ತಯಾರಿಸುವ ಯಂತ್ರವಲ್ಲ. ಅದು ಗೋಮಾಳದಲ್ಲಿ ಮೇದದ್ದನ್ನು ಹೊಲಕ್ಕೆ ಹೊತ್ತು ತರುತ್ತಿತ್ತು. ಗೋಮಾಳ ಸೈಟುಗಳಾದ ಮೇಲೆ, ಹೊಲದ ಹುಲ್ಲನ್ನೇ ತಿಂದು ಹೊಲಕ್ಕೇ ಸಗಣಿ ಹಾಕುವ ಹಸುವಿನಿಂದ ಹೊಸದೇನೂ ಸೇರುವುದಿಲ್ಲ. ಸಗಣಿ ಗಂಜಲ ಒಂದು ಹನಿಯೂ ಪೋಲಾಗದಂತೆ ಹಿಡಿದರೂ ಒಂದು ಹಸುವಿನಿಂದ ವರ್ಷಕ್ಕೆ ಸಿಗುವ ಸಾರಜನಕ ಮೂವತ್ತೈದು ಕಿಲೋ ಆಸುಪಾಸು. ಅದು ಒಂದೆಕರೆಯ ಒಂದು ಭತ್ತದ ಬೆಳೆಗೆ ಸರಿಹೋಯಿತು.

ಇಷ್ಟಾದ ಮೇಲೆ ‘ಹಾಗಾದರೆ ನೀವು ಯೂರಿಯಾ ಪರ’ ಎಂಬ ಪಟ್ಟ ಖಂಡಿತ ಸಿಗುತ್ತದೆ. ಯೂರಿಯಾ ಹೆಚ್ಚು ಹಾಕಿದಷ್ಟೂ ಇಳುವರಿ ಹೆಚ್ಚೆಂಬುದೂ ಮೂಢನಂಬಿಕೆಯೇ: ಪೈರು ಕಡುಹಸಿರಾಗಿ, ರೋಗ ಕೀಟ ಕರೆದು, ನೆಲಕ್ಕೊರಗುತ್ತದೆ. ದೇಶದ ದೀರ್ಘಾವಧಿ ಗೊಬ್ಬರ ಪ್ರಯೋಗಗಳಲ್ಲಿ, ಹುಳಿ ಮಣ್ಣಿಗೆ ವರ್ಷಗಟ್ಟಲೆ ಸಾರಜನಕ ಒಂದನ್ನೇ ಕೊಟ್ಟ ತಾಕುಗಳು ಮತ್ತಷ್ಟು ಹುಳಿಯಾಗಿ ಬೆಳೆಯೇ ನೆಲಕಚ್ಚಿದ್ದು ದಾಖಲಾಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದಿರುವ ಮಳೆಯಾಶ್ರಿತ ರಾಗಿಯ ಪ್ರಯೋಗ ಎರಡೂ ಪಕ್ಷದವರಿಗೆ ಇರಿಸುಮುರಿಸು ತರುವಂಥದ್ದು. ಏನೂ ಹಾಕದ ತಾಕು ತೀರಾ ಕೆಳಗೆ. ಬರೀ ರಾಸಾಯನಿಕದ ತಾಕು ಮೊದಲು ಏರಿ ವರ್ಷಗಳು ಕಳೆದಂತೆ ಇಳಿಯಿತು. ಹೆಕ್ಟೇರಿಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರದ ಜತೆ ಶಿಫಾರಸು ಮಾಡಿದ ರಸಗೊಬ್ಬರ ಕೊಟ್ಟಲ್ಲಿ ಇಳುವರಿ ನಿಂತಿತು. ಹತ್ತು ಟನ್ ಎಂದರೆ ಎಕರೆಗೆ ನಾಲ್ಕು ಸಾವಿರ ಕಿಲೋ, ಜೀವಾಮೃತದ ಒಂದು ಡ್ರಮ್ಮಿಗೆ ಬೀಳುವ ಸಗಣಿಯ ನಾನ್ನೂರು ಪಟ್ಟು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಗೋಧಿಯ ಪ್ರಯೋಗದಲ್ಲೂ ಬರೀ ಕೊಟ್ಟಿಗೆ ಗೊಬ್ಬರದ ತಾಕು ರಸಗೊಬ್ಬರದ ತಾಕುಗಳಿಗೆ ಸಾಟಿಯಾಗಿ ನಿಂತದ್ದುಂಟು. ಹಾಕಿದ್ದು ಹೆಕ್ಟೇರಿಗೆ 35 ಟನ್. ಸಾವಯವ ಗೊಬ್ಬರದಿಂದ ಬೆಳೆ ಬರುತ್ತದೆ, ಅನುಮಾನವಿಲ್ಲ. ಬರುವುದು ಗಾಡಿಗಟ್ಟಲೆ ಹಾಕಿದಾಗ.

ಶೂನ್ಯ ಬಂಡವಾಳದಲ್ಲಿ ಗೆದ್ದ ರೈತರಿಲ್ಲವೇ ಎಂದರೆ, ಇದ್ದಾರೆ. ಮಣ್ಣಿಗೆ ಮುಚ್ಚಿಗೆ, ದ್ವಿದಳದ ಮಿಶ್ರಬೆಳೆ, ಬಹುಬೆಳೆಯ ತೋಟ, ಸಾಲ ಮಾಡಿ ಔಷಧಿ ತರದ ಜಾಣತನ ಇವೆಲ್ಲ ಆ ಪದ್ಧತಿಯೊಳಗೇ ಇವೆ, ಇವುಗಳ ಫಲ ನಿಜ. ಇಳುವರಿ ಸ್ವಲ್ಪ ಇಳಿದರೂ ಖರ್ಚು ಅದಕ್ಕಿಂತ ಹೆಚ್ಚು ಇಳಿದರೆ ಒಂದು ಕುಟುಂಬ ಉಸಿರಾಡುತ್ತದೆ. ನನ್ನ ತಕರಾರು ಕೀರ್ತಿಯನ್ನೆಲ್ಲ ಡ್ರಮ್ಮಿಗೆ ಕಟ್ಟುವುದರ ಬಗ್ಗೆ. ಒಂದು ಮನೆಯ ಪ್ರಯೋಗವನ್ನು ಇಡೀ ದೇಶಕ್ಕೆ ಕಟ್ಟಿದರೆ ಏನಾಗುತ್ತದೆಂಬುದನ್ನು ಶ್ರೀಲಂಕಾ ತೋರಿಸಿತು: 2021ರ ಮೇ ತಿಂಗಳಲ್ಲಿ ರಸಗೊಬ್ಬರದ ಆಮದು ನಿಷೇಧ, ನವೆಂಬರಿನಲ್ಲಿ ಹಿಂತೆಗೆತ, ಮರುವರ್ಷ ಭತ್ತದ ಉತ್ಪಾದನೆ ಸುಮಾರು ಮೂರನೇ ಒಂದು ಭಾಗ ಕುಸಿತ. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಿಕೊಂಡಿತು.

ಪವಾಡಕ್ಕೆ ಕಾಯುವ ಈ ಗುಣ ಒಂದೇ ಪಂಗಡದ್ದಲ್ಲ. ಹಸುವಿನ ಮಾತು ಕೇಳಿ ನಗುವವರೇ 2021ರಲ್ಲಿ ಬಂದ ನ್ಯಾನೊ ಯೂರಿಯಾ ಬಾಟಲಿಗೆ ತಲೆಬಾಗಿದರು. ಅರ್ಧ ಲೀಟರ್, ಅದರಲ್ಲಿ ಶೇ. 4 ಸಾರಜನಕ, ಅಂದರೆ ಇಪ್ಪತ್ತು ಗ್ರಾಂ. ಇದು 45 ಕಿಲೋ ಚೀಲದೊಳಗಿನ ಇಪ್ಪತ್ತು ಕಿಲೋಕ್ಕೆ ಸಮ ಎಂದು ಪ್ರಚಾರ. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಹೊಲದಲ್ಲಿ ಪರೀಕ್ಷಿಸಿದಾಗ ಗೋಧಿ, ಭತ್ತ ಎರಡರ ಇಳುವರಿಯೂ ಇಳಿಯಿತು. ಡ್ರಮ್ಮಿನ ಕಾಲು ಕಿಲೋ, ಬಾಟಲಿಯ ಇಪ್ಪತ್ತು ಗ್ರಾಂ: ಒಂದಕ್ಕೆ ಸಂಸ್ಕೃತದ ಹೆಸರು, ಇನ್ನೊಂದಕ್ಕೆ ಇಂಗ್ಲಿಷಿನದು. ಸಂತೆಯಲ್ಲಿ ತಕ್ಕಡಿಯ ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಜನ ವೇದಿಕೆಯ ಮುಂದೆ ಕೂತಾಗ ತಕ್ಕಡಿಯನ್ನೇ ಮರೆಯುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಲೆಕ್ಕದಲ್ಲಿ ಕಾಣೆಯಾದ ಕಿಲೋಗಳು ಹೋಗಿರುವುದಾದರೂ ಎಲ್ಲಿಗೆ? ಕೋಲಾರ, ತುಮಕೂರು, ಮಂಡ್ಯದ ಹೊಲಗಳ ಸಾರ ರಾಗಿ ಅಕ್ಕಿ ತರಕಾರಿಯ ರೂಪದಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಚರಂಡಿ ಸೇರುತ್ತದೆ. ವಯಸ್ಕರೊಬ್ಬರ ಒಂದು ವರ್ಷದ ಮೂತ್ರದಲ್ಲಿ ಸುಮಾರು ನಾಲ್ಕು ಕಿಲೋ ಸಾರಜನಕವಿರುತ್ತದೆ, ಜೀವಾಮೃತದ ಹದಿನಾರು ಡ್ರಮ್ಮುಗಳಷ್ಟು. ಅದನ್ನು ಮುಸುಕಿನ ಜೋಳಕ್ಕೂ ಬಾಳೆಗೂ ಗೊಬ್ಬರವಾಗಿ ಕೊಟ್ಟು ನೋಡಿದ ಅಧ್ಯಯನಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲೇ ನಡೆದಿವೆ. ಗಂಜಲಕ್ಕೆ ಶಿಬಿರ ಕಟ್ಟುವವರು ಯಾರೂ ಇದಕ್ಕೊಂದು ಶಿಬಿರ ಕಟ್ಟಿದ್ದನ್ನು ನಾನು ಕೇಳಿಲ್ಲ.