ಇಂಗಾಲದ ಕೊಳವೆ, ಟಂಗ್‌ಸ್ಟನ್ ಮೊನೆ

ಸೂರತ್‌ನ ಅಡಾಜಣ್‌ನಿಂದ ತಾಪಿ ನದಿ ದಾಟಿ ಕತಾರ್‌ಗಾಮ್ ಕಡೆ ಹೋದರೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳು ಸಿಗುತ್ತವೆ. ಗಣಿಯ ವಜ್ರದ ಜೊತೆಗೆ ಯಂತ್ರದಲ್ಲಿ ಬೆಳೆದ ವಜ್ರವೂ ಈಗ ಈ ಊರಿನ ಕಸುಬು. ಮೀಥೇನ್, ಹೈಡ್ರೋಜನ್ ಅನಿಲಗಳನ್ನು ಪ್ಲಾಸ್ಮಾ ಮಾಡಿ, ತೆಳು ವಜ್ರದ ಬಿಲ್ಲೆಯ ಮೇಲೆ ಇಂಗಾಲವನ್ನು ಪದರ ಪದರವಾಗಿ ಕೂರಿಸುತ್ತಾರೆ. ಕುಲುಮೆಯೊಳಗಿನ ಇಂಗಾಲದ ಆವಿಗೆ ಕಬ್ಬಿಣದ ನ್ಯಾನೊ ಕಣ ಎದುರಾದರೆ ಬೆಳೆಯುವುದು ವಜ್ರವಲ್ಲ, ಟೊಳ್ಳಾದ ಕೊಳವೆ. ಆ ಕೊಳವೆಯಿಂದ ಎಲೆಕ್ಟ್ರಾನ್ ಹೊರಡಿಸಿದ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಒಳ್ಳೆಯ ಅಧ್ಯಾಯವಿದೆ.

ಲೋಹವನ್ನು ಕೆಂಪಗೆ ಕಾಯಿಸಿದರೆ ಎಲೆಕ್ಟ್ರಾನ್ ಹೊರಬರುತ್ತದೆ, ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬ್ ನಡೆದದ್ದೇ ಹಾಗೆ. ಕಾಯಿಸದೆಯೂ, ಬರೀ ವಿದ್ಯುತ್ ಕ್ಷೇತ್ರದ ಬಲದಿಂದ ಅದನ್ನು ಎಳೆದು ತೆಗೆಯಬಹುದು. ಇದು ಹೇಗೆ ಸಾಧ್ಯವೆಂದು 1928ರಲ್ಲಿ ಫೌಲರ್ ಮತ್ತು ನೋರ್ಡ್‌ಹೈಮ್ ಕ್ವಾಂಟಮ್ ಲೆಕ್ಕದಿಂದ ತೋರಿಸಿದರು. ಆದರೆ ಅದಕ್ಕೆ ಬೇಕಾದ ಕ್ಷೇತ್ರ ವಿಪರೀತ ದೊಡ್ಡದು. ಮೊನೆ ಚೂಪಾದಷ್ಟೂ ಕ್ಷೇತ್ರ ಅಲ್ಲಿ ಒತ್ತಾಗುತ್ತದೆ, ಮಿಂಚು ಸೆಳೆಯುವ ಸರಳಿನ ತುದಿಯಲ್ಲಿ ಆಗುವಂತೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ನ್ಯಾನೊ ಕೊಳವೆಗಳನ್ನು ಜಗತ್ತಿನ ಗಮನಕ್ಕೆ ತಂದಾಗ ಅಂಥ ಮೊನೆ ತಾನಾಗಿಯೇ ಸಿಕ್ಕಂತಾಯಿತು. 1995ರಲ್ಲಿ ವಾಲ್ಟ್ ಡಿ ಹೀರ್ ಮತ್ತು ಸಂಗಡಿಗರು ಇವುಗಳಿಂದ ಎಲೆಕ್ಟ್ರಾನ್ ಮೂಲವನ್ನೇ ಮಾಡಿ ತೋರಿಸಿದರು.

ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್, ಎ. ಗೋವಿಂದರಾಜ್ ಮತ್ತು ಜೊತೆಗಾರರು ಕೊಳವೆ ಬೆಳೆಸಲು ಫೆರೋಸೀನ್ ಹಿಡಿದಿದ್ದರು. ಕಿತ್ತಳೆ ಬಣ್ಣದ ಈ ಪುಡಿಯ ಒಂದೊಂದು ಅಣುವಿನಲ್ಲೂ ಕಬ್ಬಿಣವಿದೆ, ಇಂಗಾಲವೂ ಇದೆ. ಮೊದಲ ಕುಲುಮೆಯಲ್ಲಿ ಪುಡಿಯನ್ನು ಆವಿ ಮಾಡಿ, ಆರ್ಗಾನ್ ಮತ್ತು ಹೈಡ್ರೋಜನ್ ಹರಿವಿನಲ್ಲಿ ಇನ್ನೂ ಬಿಸಿಯಾದ ಎರಡನೆಯ ಕುಲುಮೆಗೆ ಸಾಗಿಸಿದರೆ ಅಣು ಒಡೆಯುತ್ತದೆ. ಕಬ್ಬಿಣ ಕಣವಾಗಿ ಕೂರುತ್ತದೆ, ಇಂಗಾಲ ಅದರ ಮೇಲೆ ಕೊಳವೆಯಾಗಿ ಬೆಳೆಯುತ್ತದೆ. ಕಬ್ಬಿಣವನ್ನು ಬೇರೆಯಾಗಿ ಬಳಿಯುವ ಕೆಲಸವೇ ಇಲ್ಲ. ಈ ಸರಳತೆ ನನಗೆ ಬಹಳ ಇಷ್ಟ. 1998ರ ಹೊತ್ತಿಗೆ ಒಂದೇ ದಿಕ್ಕಿಗೆ ಸಾಲಾಗಿ ನಿಂತ ಕೊಳವೆಗಳ ಕಟ್ಟುಗಳೂ ಅವರಿಗೆ ಸಿಕ್ಕವು.

ಬೆಳೆಸಿದ್ದನ್ನು ಪರೀಕ್ಷಿಸುವ ಕೆಲಸಕ್ಕೆ ಪುಣೆ ವಿಶ್ವವಿದ್ಯಾಲಯದ ದಿಲೀಪ್ ಜೋಗ್ ಅವರ ತಂಡ ಜೊತೆಯಾಯಿತು. ಚೂಪಾದ ಟಂಗ್‌ಸ್ಟನ್ ಮೊನೆಯ ಮೇಲೆಯೇ ಫೆರೋಸೀನ್‌ನಿಂದ ಕೊಳವೆ ಬೆಳೆಸಿ, ನಿರ್ವಾತದಲ್ಲಿಟ್ಟು, 60 ಮಿ.ಮೀ. ದೂರದಿಂದ ವೋಲ್ಟೇಜ್ ಕೊಟ್ಟರು. 2001ರಲ್ಲಿ ಪ್ರಕಟವಾದ ಅವರ ಅಂಕಿಗಳು ಹೀಗಿವೆ: 4.3 ಕಿಲೊವೋಲ್ಟ್‌ಗೆ 1 ಮೈಕ್ರೊಆಂಪಿಯರ್, 16.5 ಕಿಲೊವೋಲ್ಟ್‌ಗೆ 1000 ಮೈಕ್ರೊಆಂಪಿಯರ್. ವೋಲ್ಟೇಜ್ ನಾಲ್ಕು ಪಟ್ಟೂ ಏರಿಲ್ಲ, ಕರೆಂಟು ಸಾವಿರ ಪಟ್ಟು! ಫೌಲರ್–ನೋರ್ಡ್‌ಹೈಮ್ ನಿಯಮದ ಸೊಗಸು ಈ ಎರಡೇ ಅಂಕಿಗಳಲ್ಲಿ ಕಾಣುತ್ತದೆ. ಆದರೂ ಅದಕ್ಕಿಂತ ಮುಖ್ಯವೆಂದು ನಾನು ಎಣಿಸುವುದು ಇನ್ನೊಂದು ಸಾಲನ್ನು: ಕರೆಂಟು ಮೂರು ಗಂಟೆಗೂ ಮೇಲೆ ಸ್ಥಿರವಾಗಿತ್ತು.

ಏಕೆಂದರೆ ಇಂಥ ಮೂಲಗಳು ಸೋಲುವುದೇ ಅಲ್ಲಿ. ಎಷ್ಟೇ ಪಂಪ್ ಮಾಡಿದರೂ ಪಾತ್ರೆಯಲ್ಲಿ ಒಂದಿಷ್ಟು ಅನಿಲ ಉಳಿಯುತ್ತದೆ. ಅದರ ಅಣು ಬಂದು ತುದಿಗೆ ಅಂಟಿದರೆ ಕರೆಂಟು ನೆಗೆಯುತ್ತದೆ, ಕಳಚಿದರೆ ಬೀಳುತ್ತದೆ. ಎಲೆಕ್ಟ್ರಾನ್ ಬಡಿದು ಅಯಾನಾದ ಅಣು ತಿರುಗಿ ಬಂದು ತುದಿಯನ್ನೇ ಸವೆಸುತ್ತದೆ. ಗುಂಪಿನಲ್ಲಿ ಯಾವುದೋ ಒಂದು ಕೊಳವೆ ಉದ್ದವಾಗಿದ್ದರೆ ಹೊರೆಯೆಲ್ಲ ಅದರ ಮೇಲೆ ಬಿದ್ದು ಸುಟ್ಟುಹೋಗುತ್ತದೆ. ಒತ್ತೊತ್ತಾಗಿ ಬೆಳೆದರೂ ಕೇಡು, ಒಂದರ ಕ್ಷೇತ್ರವನ್ನು ಮತ್ತೊಂದು ಮರೆಮಾಡುತ್ತದೆ. ಹಾಗಾಗಿ ಹೊಸ ಮಾದರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡದೆ ಮೆಲ್ಲಗೆ ಏರಿಸುತ್ತಾ ಪಳಗಿಸುತ್ತಾರೆ.

ಎಲ್ಲರೂ ಮೊದಲು ಕಣ್ಣಿಟ್ಟದ್ದು ಟಿ.ವಿ. ಪರದೆಯ ಮೇಲೆ. ಸ್ಯಾಮ್‌ಸಂಗ್ 1999ರಲ್ಲೇ 4.5 ಇಂಚಿನ ಮಾದರಿ ತೋರಿಸಿತ್ತು. ಆದರೆ ಎಲ್‌ಸಿಡಿ ಪರದೆ ಅಗ್ಗವಾಗುತ್ತಾ ಹೋಗಿ ಆ ದಾರಿ ಮುಚ್ಚಿತು. ತೆರೆದುಕೊಂಡದ್ದು ಎಕ್ಸ್‌ರೇ. ಕಾಯುವ ತಂತಿಯಿಲ್ಲದ ಮೂಲವನ್ನು ಕ್ಷಣದಲ್ಲಿ ಹಚ್ಚಿ ಆರಿಸಬಹುದು. ಹಲವನ್ನು ಸಾಲಾಗಿ ಜೋಡಿಸಿ ಸರದಿಯಂತೆ ಹಚ್ಚಿದರೆ, ಬೇರೆ ಬೇರೆ ಕೋನದ ಚಿತ್ರಕ್ಕಾಗಿ ಯಂತ್ರವನ್ನು ರೋಗಿಯ ಸುತ್ತ ತಿರುಗಿಸಬೇಕಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಒಟ್ಟೊ ಝೌ ಅವರ ತಂಡ ಇದೇ ಹಾದಿಯಲ್ಲಿ ನಡೆದು, ಸ್ತನ ಕ್ಯಾನ್ಸರ್ ತಪಾಸಣೆಗೆ ಮೂಲ ಕದಲದ ಯಂತ್ರವನ್ನು ರೂಪಿಸಿದೆ.