ಊರು, ಹೊತ್ತು, ಹಕ್ಕಿ

"ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಅಂಚು. ಬೆಳಗ್ಗೆ ಆರು ಗಂಟೆ ಎಂಟು ನಿಮಿಷ. ಮಡಿವಾಳ ಹಕ್ಕಿ, ಗಂಡು, ತೆಂಗಿನ ಮರದ ತುದೀಲಿ. ಗಾಳಿ ಇಲ್ಲ. ಎಡಕ್ಕೆ ಹಳ್ಳ."

ಹಕ್ಕಿ ಹಾಡು ನಿಲ್ಲಿಸಿ ಹಾರಿಹೋದ ಮೇಲೆ ಗೆಳೆಯರು ಮೈಕಿಗೆ ಇಷ್ಟನ್ನು ಪಿಸುಗುಟ್ಟಿ ಗುಂಡಿ ಒತ್ತಿದರು. ಸಿನಿಮಾಗಳಿಗೆ, ಸಾಕ್ಷ್ಯಚಿತ್ರಗಳಿಗೆ ಸೌಂಡ್ ಎಫೆಕ್ಟ್ ಒದಗಿಸುವುದು ಅವರ ಕಸುಬು. ಆ ಹನ್ನೊಂದು ನಿಮಿಷದ ಹಾಡಿಗಾಗಿ ನಾವು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆವು. ಅದಕ್ಕೂ ಮೊದಲು ನನಗೊಂದು ಪಾಠ ಆಗಿತ್ತು. "ಆ ಜರ್ಕಿನ್ ಬಿಚ್ಚಿ ಕಾರಲ್ಲಿಟ್ಟು ಬನ್ನಿ ಮಾರಾಯ್ರೆ. ನೀವು ಉಸಿರಾಡಿದ್ರೂ ಅದು ಪರಪರ ಅಂತದೆ" ಎಂದಿದ್ದರು. ಬಿಚ್ಚಿಟ್ಟು ಬಂದೆ, ಚಳಿಗೆ ನಡುಗಿದೆ. ಆದರೂ ಮೂರನೇ ನಿಮಿಷದಲ್ಲಿ ನನ್ನ ಹೊಟ್ಟೆ ಗುರ್ ಅಂದದ್ದು ಹೆಡ್‌ಫೋನಿನಲ್ಲಿ ಹುಲಿ ಬಂದಂತೆ ಕೇಳಿಸಿತಂತೆ.

ಕೊನೆಯಲ್ಲಿ ಪಿಸುಗುಟ್ಟಿದ ಆ ಮಾತಿಗೆ ಈ ಕಸುಬಿನವರು ಸ್ಲೇಟ್ ಅನ್ನುತ್ತಾರೆ. ದನಿಗೆ ಅಂಟಿಸಿದ ವಿಳಾಸ ಅದು. ರೂಢಿ ಹಳೆಯದು, ಅದೂ ಹಕ್ಕಿಗಿಂತ ಮೊದಲು ಮನುಷ್ಯರ ಹಾಡಿನ ಕಡೆಯಿಂದ ಬಂದದ್ದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪನಿಯ ತಂತ್ರಜ್ಞ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಆಕೆ ಮೂರು ನಿಮಿಷದ ಆಸುಪಾಸಿನಲ್ಲಿ ಹಾಡು ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಇದನ್ನು ಬಿಂಕ ಅಂದುಕೊಂಡವರುಂಟು. ನಿಜಕ್ಕೂ ಅದು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ದನಿ ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ! ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹಕ್ಕಿಯ ದನಿ ಯಂತ್ರಕ್ಕೆ ಸಿಕ್ಕಿದ್ದು ಗೌಹರ್ ಜಾನ್ ಹಾಡಿಗೂ ಮುಂಚೆ, 1889ರಲ್ಲಿ. ಫ್ರಾಂಕ್‌ಫರ್ಟಿನ ಲುಡ್ವಿಗ್ ಕಾಖ್ ಎಂಬ ಎಂಟರ ಆಸುಪಾಸಿನ ಹುಡುಗನಿಗೆ ಅಪ್ಪ ಎಡಿಸನ್ ಫೋನೋಗ್ರಾಫ್ ತಂದುಕೊಟ್ಟಿದ್ದ. ಹುಡುಗ ಮನೆಯ ಪಂಜರದ ಹಕ್ಕಿಯ ಮುಂದೆ ಅದರ ಕಹಳೆ ಇಟ್ಟ, ಮೇಣದ ಉರುಳೆ ತಿರುಗಿಸಿದ. ಇಂದಿಗೂ ಕೇಳಸಿಗುವ ಹಕ್ಕಿ ಹಾಡುಗಳಲ್ಲಿ ಅತಿ ಹಳೆಯದು ಅದೇ. ಮೊದಲ ಸಲ ಕೇಳಿದಾಗ ನನಗೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದಷ್ಟೇ ಕೇಳಿತು. ಎರಡನೇ ಸಲಕ್ಕೆ ಆ ಚಟಪಟದ ಹಿಂದೆ ಒಂದು ಕೊರಳು ತಿರುವು ತೆಗೆದುಕೊಳ್ಳುವುದು ಗೊತ್ತಾಯಿತು. ಅದು ಶಾಮ ಹಕ್ಕಿ! ನಮ್ಮ ಪಶ್ಚಿಮಘಟ್ಟದ ಬಿದಿರು ಮೆಳೆಗಳಲ್ಲಿ ಹಾಡುವ, ವೈಜ್ಞಾನಿಕ ಹೆಸರಿನಲ್ಲೇ 'ಮಲಬಾರಿಕಸ್' ಎಂದು ಇರುವ, ಮಡಿವಾಳ ಹಕ್ಕಿಯ ದಾಯಾದಿ. ಪಂಜರದಲ್ಲಿದ್ದ ಹಕ್ಕಿಯ ಊರನ್ನು ಯಾರೂ ಬರೆದಿಡಲಿಲ್ಲ. ಕಾಖ್ ಮುಂದೆ ಗಾಯಕನಾದ. ಯಹೂದಿಯಾದ್ದರಿಂದ 1936ರಲ್ಲಿ ನಾಜಿ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿ, ಹಕ್ಕಿಗಳ ದನಿಯಿಂದಲೇ ಬಿಬಿಸಿ ಕೇಳುಗರಿಗೆ ಪರಿಚಿತನಾದ. ಬಿಬಿಸಿಯ ನಿಸರ್ಗ ಧ್ವನಿಭಂಡಾರಕ್ಕೆ ಬುನಾದಿ ಅವನ ಸಂಗ್ರಹವೇ.

ಸಿನಿಮಾಕ್ಕೂ ಹಕ್ಕಿಗೂ ನಂಟು ಬೆಳೆದದ್ದು ಅಮೆರಿಕದಲ್ಲಿ. ಚಿತ್ರಗಳು ಮಾತು ಕಲಿಯುತ್ತಿದ್ದ ಕಾಲ. ತಮ್ಮ ಹೊಸ ಧ್ವನಿಯಂತ್ರದ ಸಾಮರ್ಥ್ಯ ತೋರಿಸಲು ಫಾಕ್ಸ್ ಮೂವಿಟೋನಿನವರಿಗೆ ಹಾಡುವ ಹಕ್ಕಿ ಬೇಕಾಗಿತ್ತು. 1929ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿತಜ್ಞ ಆರ್ಥರ್ ಅಲೆನ್ ಅವರ ನೆರವು ಕೇಳಿದರು. ಇಥಾಕಾ ಊರಿನ ಪಾರ್ಕಿನಲ್ಲಿ ಕೆಲವು ಹಕ್ಕಿಗಳ ಹಾಡು ಫಿಲ್ಮಿನ ಅಂಚಿಗೆ ಇಳಿಯಿತು. ಇಂದು ಜಗತ್ತಿನ ದೊಡ್ಡ ಪ್ರಾಣಿಧ್ವನಿ ಭಂಡಾರಗಳಲ್ಲಿ ಒಂದಾದ ಮೆಕಾಲೆ ಲೈಬ್ರರಿಯ ಮೊಳಕೆ ಅಲ್ಲಿದೆ.

ಕೆಲವೇ ವರ್ಷಗಳಲ್ಲಿ ಅದೇ ಕಾರ್ನೆಲ್‌ನವರು ಬಾಣಲೆಯಾಕಾರದ ಪ್ಯಾರಾಬೋಲಾ ಹಿಡಿದು ಕಾಡಿಗೆ ಇಳಿದರು. ನನ್ನ ಗೆಳೆಯರ ಕೈಯಲ್ಲೂ ಅಂಥದ್ದೇ ಒಂದಿದೆ, ಪಾರದರ್ಶಕ ಪ್ಲಾಸ್ಟಿಕ್ಕಿನದು. ಬಾಣಲೆಗೆ ಬಿದ್ದ ದನಿಯೆಲ್ಲ ನಡುವಿನ ಒಂದು ಬಿಂದುವಿಗೆ ಬಂದು ಸೇರುತ್ತದೆ, ಮೈಕು ಅಲ್ಲಿ ಹಕ್ಕಿಗೆ ಬೆನ್ನು ಹಾಕಿ ಕೂತಿರುತ್ತದೆ. ಆದರೆ ಅದಕ್ಕೂ ಮಿತಿಯಿದೆ. ಬಾಣಲೆಯ ಅಗಲಕ್ಕಿಂತ ಉದ್ದದ ಅಲೆ ಅದರೊಳಗೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. 55 ಸೆಂಟಿಮೀಟರಿನದಾದರೆ ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನ ದನಿಗೆ ಅದರಿಂದ ಹೆಚ್ಚು ಲಾಭವಿಲ್ಲ. ಮಡಿವಾಳನ ಸಿಳ್ಳೆ ಕಿವಿಯ ಪಕ್ಕದಲ್ಲೇ ಬಂದು ಕೂತಂತೆ ಸಿಗುತ್ತದೆ. ಕೊಡದೊಳಗಿಂದ ಬಂದಂತಿರುವ ಕೆಂಬೂತದ ಕೂಪ್ ಕೂಪ್ ಮಾತ್ರ ಜಾರಿಹೋಗುತ್ತದೆ. ಅದಕ್ಕೆ ಬೇರೆ ಮೈಕು ಹಿಡಿದು ಹತ್ತಿರ ಹೋಗಬೇಕು. ಕೆಂಬೂತವೋ, ಮಹಾ ಸಂಕೋಚದ ಹಕ್ಕಿ. ಹತ್ತಿರ ಹೋದರೆ ಪೊದೆಯೊಳಗೆ ನಡೆದೇ ಮಾಯ.

ಇಷ್ಟೆಲ್ಲ ಪಾಡುಪಟ್ಟು ಹಿಡಿದ ದನಿ ಸ್ಟುಡಿಯೋ ಸೇರಿದ ಮೇಲೆ ಏನಾಗುತ್ತದೆ? ಅಲ್ಲಿಂದ ಮುಂದೆ ಅದು ಸಾಮಾನು. ವೇಗ ಅರ್ಧ ಮಾಡಿದರೆ ಸ್ಥಾಯಿ ಒಂದು ಸಪ್ತಕ ಇಳಿಯುತ್ತದೆ. ಇನ್ನೊಮ್ಮೆ ಅರ್ಧ ಮಾಡಿದರೆ ಪುಟ್ಟ ಹಕ್ಕಿಯೂ ರಾಕ್ಷಸನಂತೆ ಗೊಗ್ಗರಿಸುತ್ತದೆ. ರೆಕ್ಕೆ ಬಡಿಯುವ ಸದ್ದಂತೂ ಎಷ್ಟೋ ಸಲ ಹಕ್ಕಿಯದ್ದೇ ಅಲ್ಲ, ಸ್ಟುಡಿಯೋದಲ್ಲಿ ಸದ್ದು ಹುಟ್ಟಿಸುವ ಫೋಲಿ ಕಲಾವಿದರು ಚರ್ಮದ ಕೈಗವಸು ಪಟಪಟ ಬಡಿದದ್ದು. ಇದ್ಯಾವುದೂ ನನಗೆ ತಕರಾರಿನ ವಿಷಯವಲ್ಲ. ಹಿಚ್‌ಕಾಕ್ 1963ರ 'ದ ಬರ್ಡ್ಸ್' ಚಿತ್ರಕ್ಕೆ ಆಸ್ಕರ್ ಸಾಲಾ ಅವರಿಂದ ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ ಹಕ್ಕಿಗಳ ಚೀತ್ಕಾರ ಹುಟ್ಟಿಸಿಕೊಂಡ. ಅದು ನಿಜವೆಂದು ನಂಬಿಸುವ ಹಟ ಅಲ್ಲಿಲ್ಲ, ಹೆದರಿಸುವ ಹಟವಿದೆ, ಹೆದರಿಸುತ್ತದೆ ಕೂಡ.

ಸಿಟ್ಟು ಬರುವುದು ವಿಳಾಸ ಕಳಚಿದ ದನಿಯ ಮೇಲೆ. ಆಸ್ಟ್ರೇಲಿಯಾದ ಕೂಕಬರಾ ಎಂಬ ಮಿಂಚುಳ್ಳಿ ಜಾತಿಯ ಹಕ್ಕಿ ಗಹಗಹಿಸಿ ನಕ್ಕಂತೆ ಕೂಗುತ್ತದೆ. ಹಾಲಿವುಡ್ ಅದನ್ನು ಎತ್ತಿಕೊಂಡು ಟಾರ್ಜಾನನ ಆಫ್ರಿಕಕ್ಕೂ ಹಾಕಿತು, 1981ರ 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್'ನ ದಕ್ಷಿಣ ಅಮೆರಿಕಕ್ಕೂ ಹಾಕಿತು. ಅಮೆರಿಕದ ರಾಷ್ಟ್ರಪಕ್ಷಿ ಬೋಳುತಲೆ ಹದ್ದಿನ ನಿಜವಾದ ದನಿ ಕೀಚಲು, ಗತ್ತಿಲ್ಲ. ತೆರೆಯ ಮೇಲೆ ಅದರ ಕೊಕ್ಕು ತೆರೆದಾಗ ಕೇಳುವುದು ಹೆಚ್ಚಾಗಿ ಕೆಂಪುಬಾಲದ ಗಿಡುಗನ ಕೂಗು. ನಮ್ಮಲ್ಲಿ ಕೋಗಿಲೆಗೂ ಇದೇ ಗತಿ. ವಸಂತ ಬಂದರೆ, ಪ್ರೇಮಿಗಳು ಬಂದರೆ, ಹಳ್ಳಿ ತೋರಿಸಿದರೆ ಗಂಡು ಕೋಗಿಲೆಯ ಕುಹೂ. ಹೆಣ್ಣಿನ ಕಿಕ್‌ಕಿಕ್‌ಕಿಕ್ಕನ್ನು ನಾನಂತೂ ಯಾವ ಚಿತ್ರದಲ್ಲೂ ಕೇಳಿಲ್ಲ. ನಗರದಲ್ಲಿ ಯಾರೂ ಗಮನಿಸದಿರಬಹುದು. ಮಲೆನಾಡಿನ ಟಾಕೀಸಿನಲ್ಲಿ ಹಾಗಲ್ಲ. ಕಾರ್ತಿಕದ ದೀಪದ ದೃಶ್ಯದಲ್ಲಿ ಕೋಗಿಲೆ ಕೂಗಿದಾಗ ಹಿಂದಿನ ಸಾಲಿನಿಂದ ಯಾರೋ "ಈ ಕೋಗಿಲೆಗೆ ಪಂಚಾಂಗ ಕೊಡ್ರೋ" ಅಂದದ್ದನ್ನು ನಾನೇ ಕೇಳಿದ್ದೇನೆ.

ಮನುಷ್ಯರ ಹಾಡಿನಲ್ಲಿ ಇನ್ನೊಂದು ಬಗೆಯ ಸುಳ್ಳು ನುಸುಳುತ್ತದೆ. ಗೆಳೆಯರು ಕೆಲಸ ಮಾಡಿದ ಒಂದು ಚಿತ್ರಕ್ಕೆ ಗದ್ದೆಯಾಚೆಯಿಂದ ತೇಲಿ ಬರುವ ನಾಟಿ ಪದ ಬೇಕಿತ್ತು. ನಾಲ್ಕು ಹೆಂಗಸರನ್ನು ಸ್ಟುಡಿಯೋಕ್ಕೆ ಕರೆಸಿ ಹಾಡಿಸಿ, ವಾಲ್ಯೂಮ್ ತಗ್ಗಿಸಿ ದೃಶ್ಯಕ್ಕೆ ಕೂರಿಸಿದರು. ದನಿ ಸಣ್ಣದಾಯಿತೇ ಹೊರತು ದೂರ ಹೋಗಲಿಲ್ಲ. ದೂರವೆಂದರೆ ಬರೀ ಸದ್ದು ಕಡಿಮೆಯಾಗುವುದಲ್ಲವಲ್ಲ. ಸಕಾರ ಚಕಾರಗಳ ಮೊನೆ ಗಾಳಿಯಲ್ಲಿ ಸವೆಯಬೇಕು, ಗುಡ್ಡಕ್ಕೆ ತಾಗಿ ಒಂದಿಷ್ಟು ಮರಳಬೇಕು, ನಡುವೆ ಒಂದೆರಡು ಶಬ್ದ ಕಳೆದೇಹೋಗಬೇಕು. ಕೊನೆಗೆ ಅದೇ ಹಾಡನ್ನು ಗದ್ದೆಯಲ್ಲಿ ಸ್ಪೀಕರಿಟ್ಟು ನುಡಿಸಿ, ಆಚೆ ಬದುವಿನಲ್ಲಿ ಮೈಕು ನಿಲ್ಲಿಸಿ ಮತ್ತೆ ಹಿಡಿದರು. ಧ್ವನಿ ವಿನ್ಯಾಸಕ ವಾಲ್ಟರ್ ಮರ್ಚ್ 1973ರ 'ಅಮೆರಿಕನ್ ಗ್ರಾಫಿಟಿ' ಚಿತ್ರದ ರೇಡಿಯೋ ಹಾಡುಗಳಿಗೆ ಮಾಡಿದ್ದು ಹೀಗೆಯೇ. ಗದ್ದೆಯ ಕೆಲಸದವರು ಬಂದು, "ನಮ್ಮನ್ನೇ ಕರೆದಿದ್ರೆ ಇಲ್ಲೇ ಹಾಡ್ತಿದ್ವಲ್ಲ" ಅಂದರಂತೆ. ಅದು ಯಾರಿಗೂ ಹೊಳೆದಿರಲಿಲ್ಲ.

ಈಗ ದನಿ ಸಿಗುವುದು ಸುಲಭ. ನೆದರ್ಲೆಂಡ್ಸಿನಲ್ಲಿ 2005ರಲ್ಲಿ ಶುರುವಾದ ಕ್ಸೆನೋ-ಕ್ಯಾಂಟೋ ಭಂಡಾರಕ್ಕೆ ಲೋಕದ ಹವ್ಯಾಸಿಗಳೆಲ್ಲ ಹಕ್ಕಿ ದನಿ ಸೇರಿಸುತ್ತಿದ್ದಾರೆ. 2018ರಲ್ಲಿ ಬಿಬಿಸಿ ತನ್ನ 16,000 ಸೌಂಡ್ ಎಫೆಕ್ಟ್‌ಗಳನ್ನು ಖಾಸಗಿ ಬಳಕೆಗೂ ಸಂಶೋಧನೆಗೂ ತೆರೆದಿಟ್ಟಿತು. ಪುಕ್ಕಟೆ ಕೇಳಬಹುದು ಅಂದಮಾತ್ರಕ್ಕೆ ಸಿನಿಮಾಕ್ಕೆ ಬಳಸಬಹುದು ಅಂತಲ್ಲ. ಹಲವಕ್ಕೆ ಅನುಮತಿ ಬೇಕು, ಕಾಸೂ ಕೊಡಬೇಕು. ಹಾಗಿದ್ದೂ ಗೆಳೆಯರು ನಸುಕಿಗೆ ಎದ್ದು ತೋಟದ ಅಂಚಿನಲ್ಲಿ ನಿಲ್ಲುವುದು ಬಿಟ್ಟಿಲ್ಲ.

ಅಂದಿನ ರೆಕಾರ್ಡಿಂಗನ್ನು ಮೊನ್ನೆ ಅವರ ಮನೆಯಲ್ಲಿ ಕೇಳಿದೆ. ಎಂಟನೇ ನಿಮಿಷಕ್ಕೆ ತ್ರೀಫೇಸ್ ಕರೆಂಟು ಬಂದು ಪಕ್ಕದ ತೋಟದ ಪಂಪ್‌ಸೆಟ್ ಗೊರ್ರೆಂದು ಶುರುವಾಗುತ್ತದೆ. ಮಡಿವಾಳ ಒಂದು ಗಳಿಗೆ ತಡೆದು, ಸ್ಥಾಯಿ ಏರಿಸಿ ಮತ್ತೆ ಹಿಡಿಯುತ್ತದೆ. "ಇಲ್ಲಿಂದಾಚೆ ಕತ್ತರಿಸೋದಲ್ವಾ?" ಎಂದೆ. ಅವರು ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಫೈಲಿನ ಹೆಸರು ಹೀಗಿತ್ತು: 'ಮಡಿವಾಳ, ಆಮೇಲೆ ಪಂಪ್‌ಸೆಟ್. ಮೂರನೇ ನಿಮಿಷ ಹೊಟ್ಟೆ.'