ಕೂಸಿನ ರಕ್ತದ ಕೊಬ್ಬಿಗೆ ಬಾಣಂತಿಯ ತುಪ್ಪ ಹೊಣೆಯಲ್ಲ

ಶಿವಾಜಿನಗರದ ಘೋಷಾ ಆಸ್ಪತ್ರೆಯನ್ನು ಹಾಜಿ ಸರ್ ಇಸ್ಮಾಯಿಲ್ ಸೇಠ್ ಕಟ್ಟಿಸಿದ್ದು ಪರದೆ ಪಾಲಿಸುವ ಹೆಂಗಸರಿಗೂ ಚಿಕಿತ್ಸೆ ಸಿಗಲಿ ಎಂದು. ಈಗ ಅಲ್ಲಿಗೂ ಹತ್ತಿರದ ಬೌರಿಂಗ್ ಆಸ್ಪತ್ರೆಗೂ ಎಲ್ಲ ಜಾತಿ, ಮತದ ಬಸುರಿಯರು ಬರುತ್ತಾರೆ. ಹಲಸೂರಿನ ತಮಿಳು ಮನೆಯಿರಲಿ, ಶಿವಾಜಿನಗರದ ಉರ್ದು ಮನೆಯಿರಲಿ, ಕೆ.ಆರ್. ಪುರದ ಕನ್ನಡ ಮನೆಯಿರಲಿ, ಕೂಸಿಗೆ ಹುಷಾರು ತಪ್ಪಿದರೆ ದೂರು ಮೊದಲು ಬರುವುದು ಬಾಣಂತಿಯ ಊಟದ ಮೇಲೆ. ರಕ್ತದಲ್ಲಿ ನಂಜಾದ ಮಗುವಿನ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಹೆಚ್ಚು ಎಂದು ಬಂದರಂತೂ ಮುಗಿಯಿತು. 'ತುಪ್ಪ, ಮಟನ್ ಸಾರು ಅಂತ ಕೊಟ್ಟಿದ್ದೇ ತಪ್ಪಾಯ್ತು, ಹಾಲಿನಲ್ಲಿ ಮಗುವಿಗೆ ಇಳಿದಿದೆ.'

ಈ ಮಾತು ಸುಳ್ಳು. ಹೆತ್ತು ಹಣ್ಣಾದ ಹೆಂಗಸಿನ ಮೇಲೆ ಹೊರಿಸುವುದರಿಂದ ಕ್ರೂರವೂ ಹೌದು. ತಾಯಿ ತಿನ್ನುವ ಕೊಬ್ಬು ಎಂಥದ್ದು ಎಂಬುದು ಹಾಲಿನ ಕೊಬ್ಬಿನ ಬಗೆಯನ್ನು ಬದಲಿಸಬಹುದು, ಆದರೆ ಒಟ್ಟು ಪ್ರಮಾಣವನ್ನು ಅಷ್ಟಾಗಿ ಬದಲಿಸದು. ಏರಿಕೆಗೆ ಕಾರಣ ಸೋಂಕೇ. ಬ್ಯಾಕ್ಟೀರಿಯಾ ರಕ್ತಕ್ಕೆ ಹೊಕ್ಕಾಗ ದೇಹದ ರಕ್ಷಣಾ ಕಣಗಳು ಟಿಎನ್‌ಎಫ್‌ನಂಥ ಸಂದೇಶಗಳನ್ನು ಬಿಡುತ್ತವೆ. ಅವು ರಕ್ತದ ಕೊಬ್ಬನ್ನು ಒಡೆದು ಅಂಗಾಂಶಗಳಿಗೆ ಒದಗಿಸುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವನ್ನು ಅಡಗಿಸುತ್ತವೆ. ಅತ್ತ ಯಕೃತ್ತು ಕೊಬ್ಬನ್ನು ಇನ್ನಷ್ಟು ಹೊರಬಿಡುತ್ತದೆ. ಬರುವುದು ಜಾಸ್ತಿ, ಖರ್ಚು ಕಡಿಮೆ. ಪ್ರಯೋಗಾಲಯದಲ್ಲಿ ನಳಿಕೆ ತಿರುಗಿಸಿದ ಮೇಲೆ ಕೆಂಪು ಕಣಗಳು ತಳದಲ್ಲಿ ಕೂತು, ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ಸೀರಂ, ಕೊಬ್ಬು ಬಹಳ ಏರಿದ್ದರೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿರುತ್ತದೆ.

ಇದು ಗೊತ್ತಾದ ಬಗೆಯೇ ಆ ತುಪ್ಪದ ವಾದಕ್ಕೆ ಉತ್ತರ. 1980ರ ಸುಮಾರಿಗೆ ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಸೆರಾಮಿ ಮತ್ತು ಸಂಗಡಿಗರು ಪರೋಪಜೀವಿ ಸೋಂಕು ತಗುಲಿದ ಮೊಲಗಳನ್ನು ಗಮನಿಸುತ್ತಿದ್ದರು. ಮೊಲಗಳು ಸೊರಗಿ ಎಲುಬಾಗುತ್ತಿದ್ದವು, ರಕ್ತದಲ್ಲಿ ಮಾತ್ರ ಟ್ರೈಗ್ಲಿಸರೈಡ್ ಏರುತ್ತಲೇ ಇತ್ತು. ಅದಕ್ಕೆ ಕಾರಣವಾದ ವಸ್ತು ಟಿಎನ್‌ಎಫ್ ಎಂದು 1985ರಲ್ಲಿ ತಿಳಿಯಿತು.

'ಕೊಲೆಸ್ಟ್ರಾಲ್ ಕಡಿಮೆ ಇದೆ, ಸದ್ಯ ಒಳ್ಳೆಯದೇ ಆಯಿತು' ಎನ್ನುವುದು ಇನ್ನೊಂದು ತಪ್ಪು. ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾದ '200ಕ್ಕಿಂತ ಕಡಿಮೆ' ದೊಡ್ಡವರ ಲೆಕ್ಕ. ಹುಟ್ಟುವಾಗ ಕೂಸಿನ ಕೊಲೆಸ್ಟ್ರಾಲ್ 70 ಮಿ.ಗ್ರಾಂ. ಆಸುಪಾಸು, ಹಾಲು ಕುಡಿಯುತ್ತಾ ಏರುತ್ತದೆ. ನಂಜಾದಾಗ ಅದು, ಅದರಲ್ಲೂ ಎಚ್‌ಡಿಎಲ್, ಕುಸಿಯುತ್ತದೆ. ಎಚ್‌ಡಿಎಲ್ ಕೆಲವು ಬ್ಯಾಕ್ಟೀರಿಯಾಗಳ ವಿಷವನ್ನು ಅಂಟಿಸಿಕೊಂಡು ಶಮನ ಮಾಡುವ ಕಣ. ಅದು ಕಡಿಮೆಯಾದರೆ ಸಮಾಧಾನ ಪಡುವಂತಿಲ್ಲ.

ಹಾಗೆಂದು ಕೊಬ್ಬಿನ ಪರೀಕ್ಷೆಯಿಂದಲೇ ನಂಜು ಪತ್ತೆಯಾಗದು. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ತೆಗೆದ ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನಿಟೋಬ್ಯಾಕ್ಟರ್‌ನಂಥ ರೋಗಾಣು ಬೆಳೆದರೆ ಖಾತ್ರಿ. ಫಲಿತಾಂಶಕ್ಕೆ ಒಂದೆರಡು ದಿನ ಬೇಕು, ಅಲ್ಲಿಯವರೆಗೆ ವೈದ್ಯರು ಲಕ್ಷಣ ನೋಡಿ ಔಷಧ ಶುರು ಮಾಡುತ್ತಾರೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು 'ಕೊಬ್ಬು ಏರಿದೆ, ಎದೆಹಾಲು ನಿಲ್ಲಿಸಿ' ಎನ್ನುವ ಸಲಹೆ. ತಾಯಿಹಾಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಕೊಬ್ಬಿನಿಂದಲೇ, ಮಿದುಳು ಬೆಳೆಯಲು ಅದು ಬೇಕೇ ಬೇಕು. ಸೋಂಕಿನ ವಿರುದ್ಧದ ಪ್ರತಿಕಾಯಗಳೂ ಆ ಹಾಲಿನಲ್ಲಿವೆ. ಚೀಪಲಾಗದ ಕೂಸಿಗೆ ಹಿಂಡಿದ ಹಾಲನ್ನು ನಳಿಕೆಯಲ್ಲಿ ಕೊಡಬಹುದು. ಹೊಟ್ಟೆ ಉಬ್ಬರಿಸಿದ್ದರೆ, ರಕ್ತದೊತ್ತಡ ಕುಸಿದಿದ್ದರೆ ಕೆಲಕಾಲ ನಿಲ್ಲಿಸುವುದುಂಟು, ಆದರೆ ಅದು ವೈದ್ಯರ ತೀರ್ಮಾನ. ಲೆಕ್ಕವಿಟ್ಟು ನೋಡಬೇಕಾದ್ದು ನರಕ್ಕೆ ಏರಿಸುವ ಕೊಬ್ಬಿನ ಡ್ರಿಪ್ಪನ್ನು. ಯುರೋಪಿನ ಮಕ್ಕಳ ಪೋಷಣಾ ತಜ್ಞರ 2018ರ ಮಾರ್ಗಸೂಚಿಯಂತೆ ಶಿಶುವಿನ ಟ್ರೈಗ್ಲಿಸರೈಡ್ 265 ದಾಟಿದರೆ ಡ್ರಿಪ್ ಇಳಿಸುವ ಬಗ್ಗೆ ಯೋಚಿಸಬೇಕು. ಸೋಂಕು ವಾಸಿಯಾದ ಮೇಲೂ ಕೊಬ್ಬು ಇಳಿಯದಿದ್ದರೆ ಅಪರೂಪದ ವಂಶವಾಹಿ ದೋಷವಿದೆಯೇ ಎಂದು ನೋಡುತ್ತಾರೆ.

'ಜ್ವರ ಇಲ್ಲವಲ್ಲ, ಇನ್ನೇನು ಭಯ?' ಎಂದು ಕಾಯುವವರಿದ್ದಾರೆ. ನಂಜಾದ ಎಳೆಕೂಸಿನ ಮೈ ಬಿಸಿಯಾಗುವ ಬದಲು ತಣ್ಣಗಾಗಬಹುದು. ಹಾಲು ಬಿಟ್ಟರೆ, ಮುಟ್ಟಿದರೂ ಮಿಸುಕದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬಾರದು. 108ಕ್ಕೆ ಕರೆ ಮಾಡಿ. ಹೆರಿಗೆಯ ನಂತರ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಈ ಲಕ್ಷಣಗಳೆಲ್ಲ ಗೊತ್ತು. ಆಸ್ಪತ್ರೆಯಲ್ಲೇ ಹೆರಿಗೆಯಾದರೂ ಆಕೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಬೇಕು, ಬರದಿದ್ದರೆ ಕೇಳಿ ಕರೆಸಿಕೊಳ್ಳಿ. ದುಡ್ಡಿನ ಚಿಂತೆಯಿಂದ ತಡ ಮಾಡುವವರಿಗೆ ಒಂದು ಮಾತು: 2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ.